ಕರಣೆ ಹಿಡಿದು ಕಲಿಯುವ ಚರಿತ್ರೆ

ಪಿನಾಂಗಿಗೆ ಪ್ರವಾಸ ಹೋದ ನಮ್ಮ ಸದಸ್ಯ ಬಂಧುಗಳಲ್ಲಿ ಅನೇಕರು ಅಲ್ಲಿಂದ ಮುಂದೆ ಕೆಡಾ ರಾಜ್ಯದ ಮೆರ್ಬೋಕ್‌ವರೆಗೂ ಹೋಗಿ ಬುಜಾಂಗ್ ಕಣಿವೆಯ ವಸ್ತುಸಂಗ್ರಹಾಲಯವನ್ನು ನೋಡಿಕೊಂಡು ಬಂದಿರುತ್ತೀರಿ. ಜೆರಾಯ್ ಬೆಟ್ಟದ ತಪ್ಪಲು, ಪಕ್ಕದಲ್ಲೇ ತೊರೆ, ಮೇಲೆ ಚಂಡಿ ಬುಕಿತ್ ಬಾತು ಪಹಾತ್ ಎಂಬ ಗುಡಿಯ ಕಲ್ಲಿನ ಜಗತಿ. ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಮಣಿಗಳು, ಮಡಕೆ ಚೂರುಗಳು, ಒಡೆದ ವಿಗ್ರಹಗಳು. ಫೋಟೋ ತೆಗೆಸಿಕೊಂಡು, ಕಟ್ಟಿಕೊಂಡು ಹೋದ ಪುಳಿಯೋಗರೆ ಮೊಸರನ್ನ ಮುಗಿಸಿ, ಸಂಜೆಯೊಳಗೆ ವಾಪಸು. ಮಕ್ಕಳ ಪಾಲಿಗೆ ಅದು ಪಠ್ಯಪುಸ್ತಕದ ಇನ್ನೊಂದು ಪುಟ. 2013ರಿಂದ ಎಸ್‌ಪಿಎಂ ಪರೀಕ್ಷೆಯಲ್ಲಿ ಚರಿತ್ರೆಯಲ್ಲಿ ತೇರ್ಗಡೆಯಾಗದಿದ್ದರೆ ಪ್ರಮಾಣಪತ್ರವೇ ಇಲ್ಲವೆಂದು ಮಾಡಿದ ಮೇಲೆ 'ಕೆಡಾ ತುವಾ' ಎಂಬ ಪಾಠವನ್ನು ಉರು ಹೊಡೆಯದ ಮಕ್ಕಳಿಲ್ಲ. ಆದರೆ ಆ ಪಾಠದಲ್ಲಿ ಬರೆದದ್ದು ಯಾರಿಗೆ, ಹೇಗೆ ಗೊತ್ತಾಯಿತು ಎಂದು ಕೇಳಿದರೆ ಮಕ್ಕಳೂ ಸುಮ್ಮನಾಗುತ್ತಾರೆ, ತಂದೆತಾಯಿಯರೂ ಸುಮ್ಮನಾಗುತ್ತೇವೆ.

ಈ ನಾಡಿಗೂ ಕನ್ನಡ ನಾಡಿಗೂ ಒಂದು ಹಳೆಯ ನಂಟಿದೆ. ರಾಜೇಂದ್ರ ಚೋಳನು 1025ರ ಸುಮಾರಿಗೆ ಸಮುದ್ರ ದಾಟಿ ಬಂದು ಗೆದ್ದೆನೆಂದು ಹೇಳಿಕೊಂಡ 'ಕಡಾರ'ವೇ ಇಂದಿನ ಕೆಡಾ. ಅವನ ಶಾಸನಗಳಲ್ಲಿ ಗೆದ್ದ ನಾಡುಗಳ ಪಟ್ಟಿ ಶುರುವಾಗುವುದೇ ಎಡೆದೊರೆ ನಾಡು, ಬನವಾಸಿ, ಮಾನ್ಯಖೇಟಗಳಿಂದ. ಕಡಾರ ಆಮೇಲೆ ಸೇರುತ್ತದೆ. ಅಂದರೆ ಒಂದೇ ಸೈನ್ಯದ ಕೈಯಲ್ಲಿ ಪೆಟ್ಟು ತಿಂದವರ ಸಾಲಿನಲ್ಲಿ ನಾವೂ ಕೆಡಾದವರೂ ಒಟ್ಟಿಗೆ ಇದ್ದೇವೆ. ಬುಜಾಂಗ್ ಕಣಿವೆಯಲ್ಲಿ ನಿಂತು "ಇದೆಲ್ಲ ನಮ್ಮವರೇ ಬಂದು ಕಟ್ಟಿದ್ದು" ಎಂದು ಎದೆಯುಬ್ಬಿಸುವ ಬಂಧುಗಳನ್ನು ಕಂಡಾಗಲೆಲ್ಲ ನಮಗೆ ಈ ಪಟ್ಟಿ ನೆನಪಾಗುತ್ತದೆ. 1936-37ರಲ್ಲಿ ಇಲ್ಲಿ ಅಗೆದ ಕ್ವಾರಿಚ್ ವೇಲ್ಸ್ ದಂಪತಿಗಳೂ ಇದನ್ನು ಭಾರತೀಯರ ವಸಾಹತು ಎಂದೇ ಕರೆದರು. ಇಂದಿನ ವಿದ್ವಾಂಸರು ಹಾಗೆ ಹೇಳುವುದಿಲ್ಲ. ಊರು ಇಲ್ಲಿಯವರದು, ಬಂದರು ಇಲ್ಲಿಯವರದು. ಹಡಗಿನಲ್ಲಿ ಬಂದ ದೇವರು, ಲಿಪಿ, ಶಿಲ್ಪಶಾಸ್ತ್ರಗಳನ್ನು ಅವರು ತಮಗೆ ಬೇಕಾದಂತೆ ಬಳಸಿಕೊಂಡರು ಎಂಬುದು ಈಗಿನ ತಿಳಿವಳಿಕೆ. ಈ ತಿಳಿವಳಿಕೆ ಬಂದದ್ದು ಗ್ರಂಥಗಳಿಂದಲ್ಲ, ಮಣ್ಣಿನಿಂದ. ಆ ಮಣ್ಣನ್ನು ಓದುವ ವಿದ್ಯೆಯ ಬಗ್ಗೆಯೇ ಈ ಲೇಖನ.

ಪುರಾತತ್ವವೆಂದರೆ ಪಂಡಿತರ ಕೆಲಸ, ನಮಗೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಇದರಲ್ಲಿ ಒಂದು ವಿಚಿತ್ರವಿದೆ. ದೊಡ್ಡ ದೊಡ್ಡ ವಸ್ತುಗಳನ್ನು ಮೊದಲು ಕಂಡವರು ಹೆಚ್ಚಾಗಿ ಪಂಡಿತರಲ್ಲ. ಸೆಬೆರಾಂಗ್ ಪೆರೈಯಲ್ಲಿ 1834ರಲ್ಲಿ ಬುದ್ಧಗುಪ್ತನ ಕಲ್ಲನ್ನು ಕಂಡವನು ಕ್ಯಾಪ್ಟನ್ ಜೇಮ್ಸ್ ಲೋ ಎಂಬ ಸೈನ್ಯಾಧಿಕಾರಿ. ರಕ್ತಮೃತ್ತಿಕಾ ಎಂಬ ಊರಿನ ಮಹಾನಾವಿಕನೊಬ್ಬ ತನ್ನ ಯಾನ ಸುಖವಾಗಿ ನೆರವೇರಲಿ ಎಂದು ಸುಮಾರು 5ನೆಯ ಶತಮಾನದಲ್ಲಿ ಕೆತ್ತಿಸಿದ ಕಲ್ಲು ಅದು. ನಮ್ಮ ಹಲ್ಮಿಡಿ ಶಾಸನದ ಹೆಚ್ಚುಕಡಿಮೆ ಸಮಕಾಲೀನ. ಈಗ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿದೆ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದ ಸಿ. ಬೀಡನ್ ಚಿನ್ನದ ಅದಿರು ಹುಡುಕಲು ಬಂದಿದ್ದ ಇಂಜಿನಿಯರ್. ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಡು ಕುಸಿದು ಬಿತ್ತು. ದೇವಿಯ ಪೀಠಕ್ಕೆ ಹಾಕಿದ್ದ ಚಪ್ಪಡಿಯನ್ನು ನೋಡಿದರೆ ಅದೇ ಅಶೋಕನ ಶಾಸನ! ಇಲ್ಲೇ ಪಕ್ಕದ ಸಿಂಗಾಪುರದಲ್ಲಿ, ಫೋರ್ಟ್ ಕ್ಯಾನಿಂಗ್ ಗುಡ್ಡದಲ್ಲಿ 14ನೆಯ ಶತಮಾನದ ಚಿನ್ನದ ಒಡವೆಗಳು 1928ರಲ್ಲಿ ಸಿಕ್ಕಿದ್ದು ನೀರಿನ ತೊಟ್ಟಿಗಾಗಿ ನೆಲ ಅಗೆಯುತ್ತಿದ್ದ ಕೂಲಿಗಳಿಗೆ.

ಮೊದಲು ಕಾಣುವವರು ಸಾಮಾನ್ಯರಾದರೆ ಮೊದಲು ಹಾಳುಮಾಡುವವರೂ ಸಾಮಾನ್ಯರೇ, ಅದೂ ಕೆಟ್ಟ ಬುದ್ಧಿಯಿಂದಲ್ಲ. ಸೆಬೆರಾಂಗ್ ಪೆರೈಯ ಗುವಾರ್ ಕೆಪಾದಲ್ಲಿ ಶಿಲಾಯುಗದ ಜನ ತಿಂದೆಸೆದ ಚಿಪ್ಪುಗಳ ದಿಬ್ಬಗಳಿದ್ದವು. ಹಿಂದಿನ ಶತಮಾನಗಳಲ್ಲಿ ಅವುಗಳ ಬಹುಭಾಗ ಸುಣ್ಣದ ಗೂಡಿಗೆ ಹೋಯಿತು. ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ಕಂಡ ನಮ್ಮ ಕರಾವಳಿಯವರಿಗೆ ಇದೇನೂ ಆಶ್ಚರ್ಯವಲ್ಲ. ಅಳಿದುಳಿದ ಜಾಗದಲ್ಲಿ 2017ರಲ್ಲಿ ಪ್ರದರ್ಶನಾಲಯ ಕಟ್ಟಲೆಂದು ನೆಲ ತೆಗೆಯುವಾಗ ಸುಮಾರು 5,000 ವರ್ಷ ಹಿಂದಿನ ಹೆಂಗಸಿನ ಅಸ್ಥಿಪಂಜರ ಸಿಕ್ಕಿತು. ಹಾಗೆಯೇ ಬಳ್ಳಾರಿ ರಾಯಚೂರು ಕಡೆಯ ಬೂದಿದಿಬ್ಬಗಳು. ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯ ಬೂದಿ ಎಂದು ಜನ ಇಂದಿಗೂ ಹೇಳುತ್ತಾರೆ. ಅವು ನವಶಿಲಾಯುಗದವರು ದನದ ದೊಡ್ಡಿಗಳಲ್ಲಿ ಸೇರಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟ ಬೂದಿ ಎಂದು ಆಲ್ಚಿನ್ 1957ರಲ್ಲಿ ಉತ್ನೂರಿನಲ್ಲಿ ಅಗೆದು ತೋರಿಸಿದರು. ಅಷ್ಟರಲ್ಲಿ ಎಷ್ಟೋ ದಿಬ್ಬಗಳು ಹೊಲಕ್ಕೆ ಗೊಬ್ಬರವಾಗಿದ್ದವು.

ಬುಜಾಂಗ್ ಕಣಿವೆಯ 11ನೆಯ ಸಂಖ್ಯೆಯ ಚಂಡಿಯ ಕಥೆ ಇದಕ್ಕಿಂತ ಕಹಿ. ವೇಲ್ಸ್ ದಂಪತಿಗಳು ಗುರುತಿಸಿ ಸಂಖ್ಯೆ ಕೊಟ್ಟ ಗುಡಿಗಳಲ್ಲಿ ಅದೂ ಒಂದು. ಸಾವಿರದ ಇನ್ನೂರು ವರ್ಷದಷ್ಟು ಹಳೆಯದೆನ್ನುತ್ತಿದ್ದರು. ಖಾಸಗಿ ಜಮೀನಿನಲ್ಲಿತ್ತು, ಗೆಜೆಟ್‌ನಲ್ಲಿ ಸೇರಿರಲಿಲ್ಲ. ಮನೆಗಳ ಬಡಾವಣೆಗೆಂದು ನೆಲ ಸಮ ಮಾಡುವಾಗ ಯಂತ್ರ ಅದರ ಮೇಲೆ ಹರಿಯಿತು. ಸುದ್ದಿ ಪತ್ರಿಕೆಗಳಿಗೆ ಬಂದದ್ದು 2013ರ ಡಿಸೆಂಬರ್‌ನಲ್ಲಿ. ಆಗ ನಮ್ಮಲ್ಲಿ ಅನೇಕರು ಸಿಟ್ಟಾದೆವು, ಸರಕಾರವನ್ನು ಬೈದೆವು. ಕಾನೂನು ಇರಲಿಲ್ಲವೆಂದಲ್ಲ, 2005ರಲ್ಲೇ ರಾಷ್ಟ್ರೀಯ ಪರಂಪರೆ ಕಾಯಿದೆ ಬಂದಿತ್ತು. ಆದರೆ ಯಂತ್ರ ನಡೆಸುವವನಿಗಾಗಲೀ, ಮೇಸ್ತ್ರಿಗಾಗಲೀ, ಪಕ್ಕದ ತೋಟದವನಿಗಾಗಲೀ ಆ ಮುರಕಲ್ಲಿನ ಸಾಲು ಏನೆಂದು ಗೊತ್ತಿದ್ದು, ಒಂದು ದಿನ ಮೊದಲು ಒಬ್ಬರಾದರೂ ಫೋನು ಮಾಡಿದ್ದರೆ? ಕಾನೂನಿಗೆ ಕಣ್ಣಿಲ್ಲ, ಕಣ್ಣು ಇರುವುದು ಊರಿನವರಿಗೆ.

ಅದೇ ಕಣಿವೆಯ ಸುಂಗೈ ಬಾತು ಇದಕ್ಕೆ ಎದುರು ಸಾಕ್ಷಿ. ಎಣ್ಣೆತಾಳೆ ತೋಟದ ಮಧ್ಯೆ ಇಟ್ಟಿಗೆಯ ಕಟ್ಟಡಗಳು, ಹಡಗುಕಟ್ಟೆಯ ಕುರುಹುಗಳು, ಕಬ್ಬಿಣ ಕರಗಿಸಿದ ಕುಲುಮೆಯ ಜಾಗಗಳು 2007ರಿಂದೀಚೆಗೆ ಒಂದೊಂದಾಗಿ ಬೆಳಕಿಗೆ ಬಂದವು. ಪಿನಾಂಗಿನ ಸೈನ್ಸ್ ವಿಶ್ವವಿದ್ಯಾಲಯದ ಪುರಾತತ್ವ ಕೇಂದ್ರದವರು ಮೊಖ್ತಾರ್ ಸೈದಿನ್ ಅವರ ನೇತೃತ್ವದಲ್ಲಿ ಅಗೆದರು. ಅವರು ಹೇಳಿದ ಕ್ರಿಸ್ತಪೂರ್ವದ ಕಾಲನಿರ್ಣಯವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆ ಜಗಳ ಅವರಿಗಿರಲಿ. ನಮಗೆ ಮುಖ್ಯವಾದದ್ದು ಬೇರೆ. ಅಗೆಯುವ ಕೆಲಸಕ್ಕೆ ಸುತ್ತಲ ಹಳ್ಳಿಯವರನ್ನೇ ತರಬೇತು ಮಾಡಿ ಹಚ್ಚಿದರು. ಮಣ್ಣಿನ ಬಣ್ಣ ಬದಲಾದಲ್ಲಿ ಕೈ ನಿಲ್ಲಿಸುವುದು, ಕಬ್ಬಿಣದ ಕಿಟ್ಟವನ್ನು ಬರಿಯ ಕಲ್ಲಿನಿಂದ ಬೇರೆ ಮಾಡುವುದು, ತಿದಿಯಿಂದ ಕುಲುಮೆಗೆ ಗಾಳಿ ಹಾಯಿಸುತ್ತಿದ್ದ ಮಣ್ಣಿನ ಕೊಳವೆಯ ತುಂಡನ್ನು ಗುರುತಿಸುವುದು, ಇವೆಲ್ಲ ಅಭ್ಯಾಸದಿಂದ ಬರುವ ವಿದ್ಯೆಗಳು. ಒಮ್ಮೆ ಕೈಗೆ ಹತ್ತಿದರೆ ತನ್ನ ಮನೆಯ ಹಿತ್ತಲಲ್ಲಿ ಕಿಟ್ಟ ಕಂಡಾಗಲೂ ಆ ಮನುಷ್ಯ ನಿಂತು ನೋಡುತ್ತಾನೆ.

ನಮ್ಮ ನಾಡಿನಲ್ಲೂ ಇಂಥ ಪಾಠಶಾಲೆ ಒಂದು ನಡೆದಿತ್ತು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಗೆದಾಗ ಅದು ಭಾರತದ ಯುವಕರಿಗೆ ಉತ್ಖನನದ ತರಬೇತಿಯೂ ಆಗಿತ್ತು. (ಅವರಿಗೂ ಮೊದಲು ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಈ ಎರಡೂ ಕಡೆ ಅಗೆದಿದ್ದರು. ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರೂ ಅವರೇ. ಇಂಗ್ಲಿಷಿನವರ ಹೆಸರು ಹೇಳುವಾಗ ನಮ್ಮವರನ್ನು ಮರೆಯಬಾರದು.) ವೀಲರ್ ಅವರ ಪದ್ಧತಿ ಸರಳ. ನೆಲವನ್ನು ಚೌಕಗಳಾಗಿ ಗುರುತು ಹಾಕಿ, ಚೌಕ ಚೌಕದ ನಡುವೆ ಅಗೆಯದ ಗೋಡೆ ಬಿಡುವುದು. ಆ ಗೋಡೆಯ ಮೈಯಲ್ಲಿ ಮಣ್ಣಿನ ಪದರಗಳು ನಮ್ಮ ಮೈಸೂರ್ ಪಾಕಿನ ತುಂಡಿನಲ್ಲಿ ಬಣ್ಣಗಳು ಕಾಣುವಂತೆ ಒಂದರ ಮೇಲೊಂದು ಕಾಣುತ್ತವೆ. ಯಾವ ವಸ್ತು ಯಾವ ಪದರದಲ್ಲಿ ಸಿಕ್ಕಿತೋ ಅದನ್ನು ಆಗಲೇ ಬರೆದಿಡಬೇಕು. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳೂ ಶಾತವಾಹನರ ನಾಣ್ಯಗಳೂ ಸಿಕ್ಕವು. ನಾಣ್ಯದಿಂದ ಪದರದ ಕಾಲ, ಪದರದಿಂದ ಅದರ ಮಡಕೆಗಳ ಕಾಲ, ಆ ಮಡಕೆಗಳಿಂದ ಬ್ರಹ್ಮಗಿರಿಯ ಕಾಲ, ಹೀಗೆ ಒಂದರ ಕೈ ಹಿಡಿದು ಇನ್ನೊಂದು ಗೊತ್ತಾಗುತ್ತಾ ಹೋಯಿತು.

ವೈದ್ಯರಾದ ನಮಗೆ ಇದು ಬೇಗ ಅರ್ಥವಾಗುತ್ತದೆ. ರಕ್ತದ ಸೀಸೆಯ ಮೇಲೆ ರೋಗಿಯ ಹೆಸರು, ದಿನಾಂಕ, ಸಮಯ ಇಲ್ಲದಿದ್ದರೆ ಪ್ರಯೋಗಾಲಯದವರು ಅದನ್ನು ಚೆಲ್ಲುತ್ತಾರೆ. ರಕ್ತ ನಿಜವಾದದ್ದೇ, ಆದರೆ ಅದು ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಪದರದಿಂದ ಕಿತ್ತು ತಂದ ವಿಗ್ರಹವೂ ಹಾಗೆಯೇ. ಇನ್ನೊಂದು ಮಾತು: ಎಂಬಿಬಿಎಸ್ ಮೊದಲ ವರ್ಷದಲ್ಲಿ ಶವಛೇದನ ಮಾಡುವಾಗ, ಕತ್ತರಿಸಿದ ನರವನ್ನು ಮತ್ತೆ ಜೋಡಿಸಲಾಗದು ಎಂಬುದನ್ನು ಪುಸ್ತಕ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ, ಕತ್ತಿ ಹಿಡಿದ ಕೈಗೆ ಹೋಗುತ್ತದೆ. ಉತ್ಖನನವೂ ಒಂದೇ ಸಲ ಓದಬಹುದಾದ ಪುಸ್ತಕ. ಓದಿದ ಪುಟವನ್ನು ಹರಿದೇ ಮುಂದಕ್ಕೆ ಹೋಗಬೇಕು.

ಸಾವಧಾನವಾಗಿ ಓದಿದರೆ ಏನು ಸಿಗುತ್ತದೆ ಎಂಬುದಕ್ಕೆ ಪೆರಾಕ್ ರಾಜ್ಯದ ಲೆಂಗ್ಗೊಂಗ್ ಕಣಿವೆಗೆ ಹೋಗಬೇಕು. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಜಾಗ. ಅಲ್ಲಿನ ಗುವಾ ಗುನುಂಗ್ ರುಂತುಹ್ ಗುಹೆಯಲ್ಲಿ 1991ರಲ್ಲಿ ಜುರೈನಾ ಮಜೀದ್ ಅವರ ತಂಡಕ್ಕೆ ಸುಮಾರು ಹತ್ತು ಹನ್ನೊಂದು ಸಾವಿರ ವರ್ಷ ಹಿಂದಿನ ಗಂಡಸಿನ ಅಸ್ಥಿಪಂಜರ ಬಹುಮಟ್ಟಿಗೆ ಪೂರ್ತಿಯಾಗಿ ಸಿಕ್ಕಿತು. 'ಪೆರಾಕ್ ಮನುಷ್ಯ' ಎಂದೇ ಪ್ರಸಿದ್ಧ. ಎತ್ತರ 157 ಸೆಂಟಿಮೀಟರ್, ವಯಸ್ಸು ನಲವತ್ತು ದಾಟಿತ್ತು. ಎಡಗೈಯ ಮೂಳೆಗಳು ಬಲಗೈಯವಕ್ಕಿಂತ ಸಣ್ಣವು. ಬೆರಳಿನ ಮಧ್ಯದ ಮೂಳೆ ಗಿಡ್ಡವಾಗುವ ಹುಟ್ಟುದೋಷ. ಗರ್ಭದಲ್ಲಿನ ಮಗುವಿನಂತೆ ಕಾಲು ಮಡಿಸಿ, ಸುತ್ತ ಚಿಪ್ಪುಗಳನ್ನೂ ಕಲ್ಲಿನ ಉಪಕರಣಗಳನ್ನೂ ಇಟ್ಟು ಹೂಳಿದ್ದರು. ಬೇಟೆಯಾಡಿ ಬದುಕುವ ಜನರ ನಡುವೆ ಒಂದು ಕೈ ಸರಿಯಿಲ್ಲದವನು ಅಷ್ಟು ವರ್ಷ ಬದುಕಿದ, ಸತ್ತ ಮೇಲೂ ಗೌರವ ಪಡೆದ. ಆ ಚಿಕ್ಕ ಮೂಳೆಗಳು, ಆ ಚಿಪ್ಪುಗಳು ಇದ್ದ ಜಾಗದಲ್ಲೇ ಇದ್ದುದರಿಂದ ಇಷ್ಟು ಹೇಳಲಾಯಿತು. ಮಲಯದ ಎಷ್ಟೋ ಗುಹೆಗಳ ಮಣ್ಣನ್ನು ಬಾವಲಿಗೊಬ್ಬರಕ್ಕಾಗಿ ಸಲಿಕೆಯಿಂದ ಬಾಚಿ ಮಾರಿಬಿಟ್ಟಿದ್ದಾರೆ. ಅವುಗಳಲ್ಲಿ ಎಷ್ಟು ಜನರಿದ್ದರೋ.

ಸಾಮಾನ್ಯರಿಗೂ ಉಪಾಧ್ಯಾಯರಿಗೂ ಈ ವಿದ್ಯೆಯನ್ನು ಕೈಗೆ ಕೊಡುವ ಕೆಲಸ ಈಗ ಅಲ್ಲಲ್ಲಿ ನಡೆಯುತ್ತಿದೆ. ಸಿಂಗಾಪುರದಲ್ಲಿ 1984ರಲ್ಲಿ ಜಾನ್ ಮಿಕ್ಸಿಕ್ ಫೋರ್ಟ್ ಕ್ಯಾನಿಂಗ್‌ನಲ್ಲಿ ಶುರುಮಾಡಿದ ಕೆಲಸ ಮುಂದೆ ಸ್ವಯಂಸೇವಕರ ಬಲದಿಂದಲೇ ಬೆಳೆಯಿತು. 2015ರಲ್ಲಿ ಎಂಪ್ರೆಸ್ ಪ್ಲೇಸ್‌ನಲ್ಲಿ ಅಗೆದಾಗಲೂ ಸ್ವಯಂಸೇವಕರು ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ದುಡಿದರು. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ತರಗತಿಗಳನ್ನು ನಡೆಸುತ್ತ ಬಂದಿದೆ. ಇತ್ತೀಚಿನ ಕೆಲಸವೆಂದರೆ, ಇಂಜಿನಿಯರ್ ಪಿ. ಎಲ್. ಉದಯಕುಮಾರ್ ಮತ್ತು ಅವರ ಗೆಳೆಯರು ಬೆಂಗಳೂರಿನ ಶಾಸನಕಲ್ಲುಗಳನ್ನು ಹುಡುಕಿ ಉಳಿಸುತ್ತಿರುವುದು. 2018ರಲ್ಲಿ ಬೆಳಕಿಗೆ ಬಂದ, ಸುಮಾರು 750ರ ಹೆಬ್ಬಾಳದ ಕಿತ್ತಯ್ಯನ ಶಾಸನಕ್ಕೆ ಊರಿನವರು ಮಂಟಪವನ್ನೇ ಕಟ್ಟಿದರು. 2021ರಿಂದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಕಲ್ಲುಗಳ ಮೂರು ಆಯಾಮದ ಗಣಕ ಪ್ರತಿ ತೆಗೆಯುತ್ತಿದ್ದಾರೆ. ಮನೆ ಮುಂದಿನ ಚರಂಡಿಗೆ ಹಾಸಿದ ಚಪ್ಪಡಿ ಶಾಸನವೆಂದು ತಿಳಿದ ಮೇಲೆ ಯಾರೂ ಅದನ್ನು ಮತ್ತೆ ತುಳಿಯುವುದಿಲ್ಲ.

ಇಷ್ಟೆಲ್ಲ ಓದಿಕೊಂಡ ಮೇಲೆ, ಕಳೆದ ಶಾಲಾ ರಜೆಯಲ್ಲಿ ನಮ್ಮ ಕನ್ನಡ ತರಗತಿಯ ಮಕ್ಕಳಿಗೆ ಒಂದು ಪ್ರಯೋಗ ಮಾಡಿದೆವು. ಮೂರು ಅಡಿ ಉದ್ದ, ಎರಡು ಅಡಿ ಅಗಲದ ಹಲಗೆಯ ಪೆಟ್ಟಿಗೆ. ತಳದಲ್ಲಿ ಕೆಮ್ಮಣ್ಣು, ಅದರಲ್ಲಿ ಒಡೆದ ಹೂಕುಂಡದ ಚೂರುಗಳು ಮತ್ತು ಸಂಸತ್ ಭವನದ ಚಿತ್ರವಿರುವ 1970ರ ದಶಕದ ಸೆನ್ ನಾಣ್ಯ. ಅದರ ಮೇಲೆ ಬೂದಿ, ಇದ್ದಿಲ ಪುಡಿ. ಅದರ ಮೇಲೆ ಮರಳು. ಅದರಲ್ಲಿ ಚಿಪ್ಪು, ಬೇಯಿಸಿ ತೊಳೆದ ಕೋಳಿಮೂಳೆ, 1989ರ ನಂತರದ ದಾಸವಾಳದ ನಾಣ್ಯ. ಎಲ್ಲಕ್ಕೂ ಮೇಲೆ ಕಪ್ಪು ತೋಟದ ಮಣ್ಣು, ಅದರಲ್ಲಿ 2012ರ ನಂತರದ ಹೊಸ ನಾಣ್ಯ. ಒಂದು ಮೂಲೆಯಲ್ಲಿ ಮಾತ್ರ ಮೇಲಿನಿಂದ ತಳದವರೆಗೆ ರಂಧ್ರ ಕೊರೆದು, ಹೊಸ ನಾಣ್ಯವೊಂದನ್ನು ಹಾಕಿ, ಕಪ್ಪು ಮಣ್ಣು ತುಂಬಿ ಮುಚ್ಚಿದೆವು. ದಾರ ಕಟ್ಟಿ ಆರು ಚೌಕ. ಆಯುಧಗಳು: ಅಡುಗೆಮನೆಯ ಚಮಚ, ಹಳೆಯ ಪೇಂಟ್ ಬ್ರಶ್, ಹಿಟ್ಟಿನ ಜರಡಿ, ಅಳತೆಪಟ್ಟಿ, ಹಳೆಯ ಅಂಚೆ ಲಕೋಟೆಗಳು. ನಿಯಮ ಒಂದೇ. ಚೌಕದ ಸಂಖ್ಯೆ, ಆಳ, ಮಣ್ಣಿನ ಬಣ್ಣ ಬರೆಯದ ವಸ್ತು ಲೆಕ್ಕಕ್ಕಿಲ್ಲ.

ಮಕ್ಕಳು ಅರ್ಧ ಗಂಟೆಯಲ್ಲಿ ನಿಯಮಕ್ಕೆ ಒಗ್ಗಿದರು. ಒಗ್ಗದವರು ಪಕ್ಕದಲ್ಲಿ ನಿಂತ ಅಪ್ಪಂದಿರು. "ಅಲ್ಲಿ ಕೈ ಹಾಕೋ, ಏನೋ ಹೊಳೀತಿದೆ" ಎಂದು ಅವಸರಪಡಿಸಿದವರನ್ನು ಕಾಫಿಗೆ ಕಳಿಸಬೇಕಾಯಿತು. ತಳದಲ್ಲಿ ಹೊಸ ನಾಣ್ಯ ಸಿಕ್ಕಾಗ ವಾದ ಬಿತ್ತು. ಪದರದಲ್ಲಿ ಸಿಕ್ಕ ಅತಿ ಹೊಸ ನಾಣ್ಯಕ್ಕಿಂತ ಪದರ ಹಳೆಯದಾಗಿರಲಾರದು ಎಂದು ನಾವೇ ಹೇಳಿಕೊಟ್ಟಿದ್ದೆವಲ್ಲ, ಹಾಗಾದರೆ ಇಡೀ ಪೆಟ್ಟಿಗೆಯೇ 2012ರ ನಂತರದ್ದು ಎಂದು ದೊಡ್ಡ ಹುಡುಗರು ತೀರ್ಮಾನಿಸಿದರು. ಆಗ ಒಂಬತ್ತು ವರ್ಷದ ಹುಡುಗಿಯೊಬ್ಬಳು ತನ್ನ ಲಕೋಟೆ ನೋಡಿಕೊಂಡು, "ಇಲ್ಲ ಡಾಕ್ಟರ್ ಅಂಕಲ್, ನಾನು ಕೆಂಪು ಮಣ್ಣು ಅಂತ ಬರೆದಿಲ್ಲ, ಕಪ್ಪು ಅಂತ ಬರೆದಿದೀನಿ. ಇದು ಮೇಲಿಂದ ಬಿದ್ದದ್ದು, ಇಲಿ ಬಿಲ ತೋಡಿದೆ" ಎಂದಳು. ಪುರಾತತ್ವದ ಪಾಠದಲ್ಲಿ ಅರ್ಧ ಅಲ್ಲಿಗೆ ಮುಗಿದಿತ್ತು. ಉಪಾಧ್ಯಾಯಿನಿಯರಾಗಿರುವ ನಮ್ಮ ಇಬ್ಬರು ಸದಸ್ಯೆಯರು ಇದನ್ನೇ ತಮ್ಮ ಶಾಲೆಗಳಲ್ಲಿ ಮಾಡಲು ಪೆಟ್ಟಿಗೆಯ ಅಳತೆ ಬರೆದುಕೊಂಡು ಹೋದರು.

ಮರುವಾರ ಒಬ್ಬ ಹುಡುಗ ಪೆನ್ಸಿಲ್ ಡಬ್ಬಿಯಲ್ಲಿ ಒಂದು ಬೋಕಿ ತಂದ. ಹಸಿರು ಮೆರುಗಿನ ಚೀನೀ ಪಿಂಗಾಣಿಯ ಚೂರು. ಹಿಂದಿನ ವರ್ಷ ಪೆಂಗ್ಕಲನ್ ಬುಜಾಂಗ್ ಹತ್ತಿರ ಹೊಳೆಯಂಚಿನಲ್ಲಿ ಆರಿಸಿಕೊಂಡಿದ್ದನಂತೆ. ಸಾಂಗ್, ಯುವಾನ್ ಕಾಲದ ಇಂಥ ಚೂರುಗಳಿಗೆ ಆ ಜಾಗ ಪ್ರಸಿದ್ಧ. "ಇದು ಯಾವ ಪದರದ್ದು ಅಂಕಲ್?" ಎಂದು ಕೇಳಿದ; ಪೆಟ್ಟಿಗೆಯ ಆಟಕ್ಕಿಂತ ಮೊದಲಾಗಿದ್ದರೆ "ಇದಕ್ಕೆ ಬೆಲೆ ಎಷ್ಟು" ಎಂದು ಕೇಳುತ್ತಿದ್ದನೇನೋ. ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ. ಸೇತುವೆಯಿಂದ ಎಷ್ಟು ದೂರ, ನೀರಿನಿಂದ ಎಷ್ಟು ಮೇಲೆ ಎಂಬುದನ್ನು ನೆನಪಿದ್ದಷ್ಟು ಅವನ ಕೈಯಲ್ಲೇ ಬರೆಸಿ, ಲಕೋಟೆಯಲ್ಲಿ ಹಾಕಿ, ಅವನ ತಂದೆ ಅದನ್ನು ಮೆರ್ಬೋಕ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲು ಒಪ್ಪಿದ್ದಾರೆ. ಸದಸ್ಯರು ಗಮನಿಸಬೇಕು: 2005ರ ಕಾಯಿದೆಯ ಪ್ರಕಾರ ಇಂಥ ವಸ್ತು ಕಂಡವರು ಪರಂಪರೆ ಇಲಾಖೆಗೋ ಜಿಲ್ಲಾಧಿಕಾರಿಗೋ ತಿಳಿಸಬೇಕು. ತೋಟದಲ್ಲಿ, ಮನೆ ಕಟ್ಟುವ ಜಾಗದಲ್ಲಿ ಏನಾದರೂ ಕಂಡರೆ ಎತ್ತಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ತಿಳಿಸಿ. ಬುಕಿತ್ ಮೆರ್ತಾಜಾಮ್‌ನ ಸಂತ ಆನ್ ಚರ್ಚಿನ ಆವರಣದಲ್ಲಿರುವ ಚೆರೋಕ್ ತೊಕುನ್ ಬಂಡೆಯ ಹಳೆಯ ಅಕ್ಷರಗಳನ್ನು ನೋಡಲು ಹೋದವರು ಸೀಮೆಸುಣ್ಣದಿಂದ ತಿದ್ದಬಾರದೆಂದೂ ವಿನಂತಿ.

ಪೆಟ್ಟಿಗೆಯ ಆರನೆಯ ಚೌಕವನ್ನು ನಾವು ತೆರೆದಿಲ್ಲ. ಮಕ್ಕಳು ಬಹಳ ಗಲಾಟೆ ಮಾಡಿದರು. ಆಗ ಅವರಿಗೆ ಜೆರಾಯ್ ಬೆಟ್ಟದ ಉತ್ತರಕ್ಕಿರುವ ಬುಕಿತ್ ಚೋರಾಸ್ ಗುಡ್ಡದ ಸಂಗತಿ ಹೇಳಿದೆವು. ಅಲ್ಲಿ ಅವಶೇಷವಿದೆಯೆಂದು 19ನೆಯ ಶತಮಾನದಲ್ಲೇ ಗೊತ್ತಿತ್ತು. ವೇಲ್ಸ್ 1937ರಲ್ಲಿ ಸ್ವಲ್ಪ ನೋಡಿ ಬಿಟ್ಟರು. ಬಹುಭಾಗ ಹಾಗೆಯೇ ಉಳಿದಿತ್ತು. 2023ರಲ್ಲಿ ಸೈನ್ಸ್ ವಿಶ್ವವಿದ್ಯಾಲಯದವರು ಸಾವಕಾಶವಾಗಿ ಅಗೆದಾಗ, ಕುಳಿತ ಭಂಗಿಯ, ಆಳೆತ್ತರದ ಗಾರೆಯ ಪ್ರತಿಮೆಗಳು ಹೊರಬಂದವು. ಮಳೆಯ ದೇಶದಲ್ಲಿ ಗಾರೆ ಎಷ್ಟು ಮೆತ್ತಗಾಗಿರುತ್ತದೆಂದು ಹೇಳಬೇಕಿಲ್ಲ. ಹಿಂದಿನವರ ಪಿಕಾಸಿಗೆ ಸಿಕ್ಕಿದ್ದರೆ ಅವು ಸುಣ್ಣದ ಪುಡಿಯಾಗಿ ಬುಟ್ಟಿಯಲ್ಲಿ ಹೋಗುತ್ತಿದ್ದವು. ಆರನೆಯ ಚೌಕವನ್ನು ಮುಂದಿನ ರಜೆಯಲ್ಲಿ ಚಿಕ್ಕ ಮಕ್ಕಳ ತಂಡ ತೆರೆಯಲಿದೆ. ಅದರಲ್ಲಿ ಏನು ಹಾಕಿದ್ದೇವೆಂದು ಈ ಬಾರಿಯ ಮಕ್ಕಳು ಎಷ್ಟು ಪೀಡಿಸಿದರೂ ಹೇಳಿಲ್ಲ.